ಉಳಿಕೆ ವಿಭಾಗಕ್ಕೊಬ್ಬ ಅಳಿಯ

ನಮ್ಮ ಶೀಘ್ರ ಆಯಿಲ್ ಬದಲಾವಣೆ ಕೇಂದ್ರದಲ್ಲಿ ಈವರೆಗೆ ಒಂದೇ ಒಂದು ತಪ್ಪೂ ನಡೆದಿಲ್ಲವೆಂದು ಸಾರ್ವಜನಿಕರಿಗೆ ತಿಳಿಸಲು ಸಂತೋಷವಾಗುತ್ತದೆ. ಹಿಂದೆ ನಡೆಯುತ್ತಿದ್ದವು. ಯಜಮಾನರು ಆ ಪದವನ್ನೇ ಕೇಂದ್ರದಿಂದ ತೆಗೆದುಹಾಕಿದ ಮೇಲೆ ನಿಂತುಹೋದವು. ಈಗ ನಡೆಯುವುದಕ್ಕೆ ನಾವು ‘ಉಳಿಕೆ’ ಎನ್ನುತ್ತೇವೆ.

ನಾನು ಈ ಕೇಂದ್ರದ ಕ್ಯಾಷಿಯರ್, ದೂರು ವಿಭಾಗದ ಮುಖ್ಯಸ್ಥ ಮತ್ತು ಯಜಮಾನರ ಹೆಂಡತಿಯ ತಮ್ಮ. ಮೂರನೆಯದರಿಂದಲೇ ಮೊದಲೆರಡು ಸಿಕ್ಕಿದ್ದು ಎಂದು ಬೆನ್ನ ಹಿಂದೆ ಆಡಿಕೊಳ್ಳುವವರಿದ್ದಾರೆ. ಬೆನ್ನ ಹಿಂದೆ ಯಾಕೆ, ಎದುರಿಗೇ ಹೇಳಬಹುದು. ನಿಜ ತಾನೆ?

ನಮ್ಮ ಕೆಲಸ ಬಹಳ ಸರಳ. ಕಾರು ಗುಂಡಿಯ ಮೇಲೆ ಬಂದು ನಿಲ್ಲುತ್ತದೆ. ಗುಂಡಿಯಲ್ಲಿರುವವನು ಎಂಜಿನ್ನಿನ ತಳದ ಬೋಲ್ಟು ಬಿಚ್ಚಿ ಹಳೆ ಆಯಿಲ್ ಇಳಿಸುತ್ತಾನೆ. ಮೇಲಿರುವವನು ಮುಚ್ಚಳ ತೆಗೆದು ಹೊಸ ಆಯಿಲ್ ಸುರಿಯುತ್ತಾನೆ. ಆಮೇಲೆ ಬೋಲ್ಟನ್ನೂ ಮುಚ್ಚಳವನ್ನೂ ಮತ್ತೆ ಹಾಕಬೇಕೆಂಬ ಅಭಿಪ್ರಾಯ ಕೆಲವರಲ್ಲಿದೆ. ಆದರೆ ‘ಹತ್ತೇ ನಿಮಿಷದಲ್ಲಿ ಸೇವೆ’ ಎಂದು ಬೋರ್ಡು ಹಾಕಿರುವ ನಾವು ಹನ್ನೊಂದನೇ ನಿಮಿಷದಲ್ಲಿ ಮಾಡಬೇಕಾದ ಕೆಲಸಗಳಿಗೆ ಜವಾಬ್ದಾರರಲ್ಲ. ಗಂಟೆ ಹೊಡೆಯುತ್ತದೆ, ಬಾನೆಟ್ ಮುಚ್ಚುತ್ತದೆ, ಕಾರು ಹೊರಡುತ್ತದೆ. ತಟ್ಟೆಯಲ್ಲಿ ಏನಾದರೊಂದು ಉಳಿಯುತ್ತದೆ.

ಮೊದಮೊದಲು ಉಳಿದದ್ದನ್ನು ಕೈಯಲ್ಲಿ ಹಿಡಿದು ಏದುಸಿರು ಬಿಡುತ್ತಾ ಕಾರಿನ ಹಿಂದೆ ಓಡುತ್ತಿದ್ದೆವು. ಇದು ಸಂಸ್ಥೆಯ ಘನತೆಗೆ ತಕ್ಕುದಲ್ಲವೆಂದು ಭಾವ, ಅಂದರೆ ಯಜಮಾನರು, ಒಂದು ನಿಯಮ ತಂದರು. ಗೇಟು ದಾಟಿದ ಕಾರು ಹೊರಗಿನದು. ತಟ್ಟೆಯಲ್ಲಿ ಉಳಿದದ್ದು ಒಳಗಿನದು. ಎರಡಕ್ಕೂ ಯಾವುದೇ ಸಂಬಂಧವಿರತಕ್ಕದ್ದಲ್ಲ. ಪಕ್ಕದ ಕೋಣೆಯಲ್ಲಿ ಬಿಡಿಭಾಗಗಳ ಮಾರಾಟ ಮಳಿಗೆ ತೆರೆಯಲಾಯಿತು. ನಡುಗೋಡೆಗೆ ತಟ್ಟೆ ತೂರುವಷ್ಟು ಕಿಂಡಿ ಕೊರೆಯಲಾಯಿತು. ಕಿಂಡಿಯ ಆ ಕಡೆ ಭಾವನ ಒಬ್ಬಳೇ ಮಗಳನ್ನು ಕೂರಿಸಲಾಯಿತು.

ಮಳಿಗೆಯ ಮೊದಲ ಗಿರಾಕಿ ಒಬ್ಬ ನಿವೃತ್ತ ಮೇಷ್ಟ್ರು. ಬೆಳಿಗ್ಗೆ ನಮ್ಮಲ್ಲಿ ಆಯಿಲ್ ಬದಲಾಯಿಸಿಕೊಂಡು ಹೋದವರು ಮಧ್ಯಾಹ್ನ ಅಂಗಿಯ ತುಂಬ ಅದೇ ಆಯಿಲ್ ಮಾಡಿಕೊಂಡು ಬಂದರು. ಕಪಾಟಿನಿಂದ ಒಂದು ಮುಚ್ಚಳ ಎತ್ತಿ ತಿರುಗಿಸಿ ನೋಡಿದರು.

“ಅಮ್ಮಾ, ಇದು ನನ್ನದೇ ಮುಚ್ಚಳ. ನೋಡು, ಈ ಕೆಂಪು ಚುಕ್ಕೆ ನಾನೇ ಇಟ್ಟದ್ದು.”

“ಹೌದಾ ಸಾರ್? ಹಾಗಾದ್ರೆ ಅಳತೆ ನೋಡೋ ಗೋಜೇ ಇಲ್ಲ. ಕರೆಕ್ಟಾಗಿ ಕೂರುತ್ತೆ.”

“ಅಲ್ಲಮ್ಮಾ, ನನ್ನ ಮುಚ್ಚಳಾನ ನಾನೇ ದುಡ್ಡು ಕೊಟ್ಟು ತಗೊಳ್ಳೋದಾ?”

“ಬೇರೆಯವರದ್ದು ತಗೊಂಡ್ರೆ ಚೆನ್ನಾಗಿರುತ್ತಾ ಸಾರ್?”

ಜೀವನವಿಡೀ ಮಕ್ಕಳಿಗೆ ಪ್ರಾಮಾಣಿಕತೆ ಬೋಧಿಸಿದ ಮೇಷ್ಟ್ರು ಈ ಮಾತಿಗೆ ತಲೆದೂಗಿದರು. ಹೋಗುವಾಗ, ಮುಂದಿನ ಸಲಕ್ಕೆ ಇರಲಿ ಎಂದು ಒಂದು ಬೋಲ್ಟನ್ನೂ ಕೊಂಡರು.

ವರ್ಷ ತಿರುಗುವಷ್ಟರಲ್ಲಿ ಆಯಿಲ್ ನಮ್ಮ ಉಪಕಸುಬಾಯಿತು. ಭಾವ ಗೋಡೆಗೆ ಪ್ರಕಟಣೆ ಅಂಟಿಸಿದರು: “ಪ್ರತಿಯೊಬ್ಬ ಮೆಕ್ಯಾನಿಕ್ ದಿನಕ್ಕೆ ಕನಿಷ್ಠ ಒಂದು ವಸ್ತುವನ್ನು ಸ್ವಾಭಾವಿಕವಾಗಿ ಮರೆಯತಕ್ಕದ್ದು. ಬೇಕೆಂದೇ ಮರೆಯುವುದು ಗಿರಾಕಿಗಳಿಗೆ ಮಾಡುವ ಮೋಸವಾದ್ದರಿಂದ ಅದಕ್ಕೆ ಅವಕಾಶವಿಲ್ಲ. ಮರೆಯಬೇಕೆಂಬುದನ್ನು ಮಾತ್ರ ಯಾರೂ ಮರೆಯಕೂಡದು.”

ಸಿಬ್ಬಂದಿ ಮುತುವರ್ಜಿಯಿಂದ ಮರೆತರು. ಒಬ್ಬ ಮಾತ್ರ ಆತುರದಲ್ಲಿ ನಮ್ಮ ಸ್ಪ್ಯಾನರನ್ನೇ ಗಿರಾಕಿಯ ಎಂಜಿನ್ ಮೇಲೆ ಬಿಟ್ಟು ಕಳಿಸಿದ. ಇದು ವಿಲೋಮ ಉಳಿಕೆ. ಕೇಂದ್ರದ ಸೊತ್ತು ಹೊರಗೆ ಹೋದದ್ದಕ್ಕೆ ಅವನಿಗೆ ಛೀಮಾರಿ ಹಾಕಲಾಯಿತು. ಪಾಪ, ಮಾರನೆಯ ದಿನವೇ ಒಂದು ಕಾರಿನ ಫಿಲ್ಟರನ್ನು ಮರೆತು ಮರ್ಯಾದೆ ಉಳಿಸಿಕೊಂಡ.

ಎಲ್ಲ ಸುಸೂತ್ರವಾಗಿತ್ತು, ‘ಇನ್ನೊಂದ್ಸಲ’ ಒಬ್ಬನನ್ನು ಬಿಟ್ಟರೆ. ಅವನಿಗೆ ತಂದೆತಾಯಿ ಇಟ್ಟ ಹೆಸರು ಬೇರೆ ಇತ್ತು. ಪ್ರತಿ ಬೋಲ್ಟು ಬಿಗಿದ ಮೇಲೂ “ಇನ್ನೊಂದ್ಸಲ ನೋಡ್ಬಿಡ್ತೀನಿ” ಎನ್ನುತ್ತಿದ್ದರಿಂದ ಇದೇ ಗಟ್ಟಿಯಾಯಿತು. ಈ ಮೆಕ್ಯಾನಿಕ್ ಹತ್ತು ನಿಮಿಷದೊಳಗೇ ಎಲ್ಲವನ್ನೂ ಹಾಕಿ, ಒರೆಸಿ, ಇನ್ನೊಂದು ಸಲ ನೋಡಿ, ಖಾಲಿ ತಟ್ಟೆಯನ್ನು ಕಿಂಡಿಯಲ್ಲಿಡುತ್ತಿದ್ದ. ದಿನವಿಡೀ ಖಾಲಿ ತಟ್ಟೆಯೇ ಬರುತ್ತಿದ್ದರೆ ಆ ಕಡೆ ಕೂತ ಹುಡುಗಿ ತಟ್ಟೆ ಇಟ್ಟವನನ್ನು ನೋಡದೆ ಇನ್ನೇನು ಮಾಡಿಯಾಳು? ನೋಡಿದಳು. ಮದುವೆಯಾದರೆ ಅವನನ್ನೇ ಎಂದು ಅಪ್ಪನಿಗೆ ಹೇಳಿಯೂಬಿಟ್ಟಳು.

“ಅವನಿಗಾ?” ಭಾವ ಕೂತಲ್ಲಿಂದ ಎದ್ದರು. “ನಾಳೆ ಅಂಗಡಿ ಅವನ ಕೈಗೆ ಹೋದ್ರೆ ನಾವೆಲ್ಲ ಬೀದಿಗೆ ಬರ್ತೀವಿ ಕಣೇ! ಅವನ ತಟ್ಟೇಲಿ ಒಂದು ನಟ್ಟಾದ್ರೂ ಉಳಿದದ್ದು ನೋಡಿದೀಯಾ?”

“ಅಪ್ಪಾ, ಅವರು ತುಂಬ ಒಳ್ಳೆಯವರು.”

“ಒಳ್ಳೆಯವನೇ. ಅದೇ ತೊಂದರೆ.”

ಕೊನೆಗೆ ಭಾವ ಒಂದು ಷರತ್ತು ಹಾಕಿದರು. ತಿಂಗಳ ಕೊನೆಯೊಳಗೆ ಹುಡುಗ ಏನಾದರೊಂದನ್ನು ಸ್ವಾಭಾವಿಕವಾಗಿ ಮರೆತರೆ ಮಗಳನ್ನು ಕೊಡುವುದು. ಇಲ್ಲದಿದ್ದರೆ ಮಗಳೂ ಇಲ್ಲ, ಕೆಲಸವೂ ಇಲ್ಲ. ಅವನಿಗೆ ತರಬೇತಿ ಕೊಡುವ ಹೊಣೆ ನನ್ನ ಹೆಗಲಿಗೆ ಬಿತ್ತು.

ನಾನೇನು ಕಡಿಮೆ ಪಾಡುಪಟ್ಟಿಲ್ಲ. ಅವನು ಬೋಲ್ಟು ಹಿಡಿದಾಗಲೆಲ್ಲ ಪಕ್ಕದಲ್ಲಿ ನಿಂತು ನನ್ನ ಹಲ್ಲುನೋವಿನ ವೃತ್ತಾಂತ ಹೇಳಿದೆ. ಅವನು ಹೂಂಗುಟ್ಟುತ್ತಲೇ ಬೋಲ್ಟು ಬಿಗಿದ. ಲವಂಗ ಇಟ್ಟುಕೊಳ್ಳಿ ಎಂದು ಸಲಹೆಯನ್ನೂ ಕೊಟ್ಟ. ಒಂದು ದಿನವಂತೂ ಕಾರು ಹೊರಟಾಗ ತಟ್ಟೆಯಲ್ಲಿ ಮುಚ್ಚಳ ಕಂಡು ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅಷ್ಟರಲ್ಲಿ ಮಹಾರಾಯ ಅದನ್ನೆತ್ತಿಕೊಂಡು “ಸಾರ್, ನಿಲ್ಸಿ! ನಿಲ್ಸಿ ಸಾರ್!” ಎಂದು ಓಡಿಯೇಬಿಟ್ಟ. ಗೇಟಿನಲ್ಲೇ ಹಿಡಿದು, ಮುಚ್ಚಳ ಹಾಕಿ, ಕ್ಷಮೆ ಬೇರೆ ಕೇಳಿದ. ನಮ್ಮಲ್ಲಿ ಎಂದೂ ಇಲ್ಲದ್ದನ್ನು ಕೇಳಿ ಗಾಬರಿಯಾದ ಗಿರಾಕಿ ಲಿಖಿತ ದೂರು ಕೊಟ್ಟು ಹೋದ.

“ಯಾಕಯ್ಯಾ ಹೀಗೆ ಮಾಡ್ತೀಯ? ಮದುವೆ ಬೇಡ್ವಾ ನಿನಗೆ?” ಎಂದು ಗದರಿದೆ.

“ಬೇಕು ಸಾರ್. ಅದು ಬಿಟ್ರೆ ನಂಗೆ ಬೇರೆ ಏನೂ ಬೇಡ. ಆದ್ರೆ ಕೈ ಕೇಳಲ್ಲ.”

ಕೈಗೆ ಪ್ರತ್ಯೇಕವಾಗಿ ನೋಟಿಸ್ ಕೊಡಲು ನಮ್ಮ ನಿಯಮಗಳಲ್ಲಿ ಅವಕಾಶವಿರಲಿಲ್ಲ.

ತಿಂಗಳ ಕೊನೆಯ ದಿನ ಭಾವ ತಮ್ಮ ಹೊಸ ಕಾರನ್ನೇ ತಂದು ಗುಂಡಿಯ ಮೇಲೆ ನಿಲ್ಲಿಸಿದರು. “ಇದೇ ಕೊನೆ ಕಾರು. ಮೇಲೂ ನೀನೇ, ಕೆಳಗೂ ನೀನೇ” ಎಂದು ಅವನಿಗೆ ಹೇಳಿ, ಆಫೀಸಿನ ಗಾಜಿನ ಹಿಂದೆ ಕೂತು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಟ್ಟೆಯನ್ನೇ ಕಾಯತೊಡಗಿದರು.

‘ಇನ್ನೊಂದ್ಸಲ’ ಹಳೆ ಆಯಿಲ್ ಇಳಿಸಿದ. ತಳದ ಬೋಲ್ಟು ಬಿಗಿದ. ಮೇಲೆ ಹತ್ತಿ ಬಂದು ಮುಚ್ಚಳ ತೆಗೆದು ತಟ್ಟೆಯಲ್ಲಿಟ್ಟ. ಹೊಸ ಆಯಿಲ್ ಡಬ್ಬಿಯನ್ನು ಕೈಗೆತ್ತಿಕೊಂಡಾಗ ಕಿಂಡಿಯ ಬಾಗಿಲು ಸರಿಯಿತು. ನಮ್ಮ ಹುಡುಗಿ ಅಳುತ್ತಿದ್ದಳು.

“ಒಂದು ಮುಚ್ಚಳ. ನನಗೋಸ್ಕರ ಒಂದೇ ಒಂದು ಮುಚ್ಚಳ ಮರೆಯೋಕಾಗಲ್ವಾ ನಿಮಗೆ?”

“ಮರೆತ್ರೆ ಆಯಿಲ್ಲೆಲ್ಲ ಬಿಸಿ ಎಂಜಿನ್ ಮೇಲೆ ಚಿಮ್ಮುತ್ತೆ. ಬೆಂಕಿ ಹತ್ತಿದ್ರೆ? ಕಾರಲ್ಲಿರೋದು ನಿಮ್ಮಪ್ಪ ಅಲ್ವಾ?”

“ಹಾಗಾದ್ರೆ ಮರೀಬೇಡಿ. ನೀವು ಮರೆಯೋರಾಗಿದ್ರೆ ನಾನು ನಿಮ್ಮನ್ನ ಇಷ್ಟಪಡ್ತಾನೇ ಇರ್ಲಿಲ್ಲ. ಹಾಕ್ಬಿಡಿ ಮುಚ್ಚಳ.”

ಅವನು ಡಬ್ಬಿಯನ್ನು ಕಂಬದ ಹಿಂದೆ ಇಟ್ಟು, ಜೇಬಿನಿಂದ ಕೈ ಒರೆಸುವ ಬಟ್ಟೆ ತೆಗೆದು, ಅದರಲ್ಲಿ ಇದ್ದುದರಲ್ಲಿ ಚೊಕ್ಕಟವಾದ ಮೂಲೆ ಹುಡುಕಿ ಕಿಂಡಿಯಲ್ಲಿ ಕೊಟ್ಟ. ಅವಳು ಕಣ್ಣೊರೆಸಿಕೊಂಡಾಗ ಕೆನ್ನೆಗೆಲ್ಲ ಕಪ್ಪು ಮೆತ್ತಿತು. ಅಷ್ಟು ದುಃಖದಲ್ಲೂ ಇಬ್ಬರಿಗೂ ನಗು ಬಂತು. ಕ್ಯಾಷ್ ಕೌಂಟರಿನಲ್ಲಿದ್ದ ನನಗೆ ಅಳು ಬಂತು. ನಾನು ಎತ್ತಿ ಆಡಿಸಿದ ಮಗು ಅದು.

ಗಂಟೆ ಹೊಡೆಯಲು ಇನ್ನೇನು ಒಂದೇ ಕ್ಷಣವಿತ್ತು. ‘ಇನ್ನೊಂದ್ಸಲ’ ಓಡಿಬಂದು ಮುಚ್ಚಳ ಹಾಕಿ, ಬಿಗಿದು, ಇನ್ನೊಂದು ಸಲ ನೋಡಿ, ಬಾನೆಟ್ ಮುಚ್ಚಿದ. ತಟ್ಟೆ ಖಾಲಿ.

ಭಾವ ಅವನ ಮುಖವನ್ನೂ ನೋಡಲಿಲ್ಲ. “ಇವನ ಲೆಕ್ಕ ಚುಕ್ತಾ ಮಾಡಿ ಕಳಿಸು” ಎಂದು ನನಗೆ ಹೇಳಿ ಕಾರು ಹತ್ತಿದರು. ಕಾರಿನೊಳಗೆ ಕೆಂಪು ದೀಪ ಹೊತ್ತಿಕೊಂಡಿತಂತೆ. ತಮ್ಮ ಹಾಗೆ ಕಾರಿಗೂ ಸಿಟ್ಟು ಬಂದಿದೆ ಎಂದುಕೊಂಡು ಇನ್ನಷ್ಟು ಜೋರಾಗಿ ಓಡಿಸಿದರಂತೆ. ಬೀದಿಯ ತಿರುವಿನಲ್ಲಿ ಕಟಕಟ ಸದ್ದಾಯಿತು, ಆಮೇಲೆ ಹೊಗೆ ಬಂತು, ಆಮೇಲೆ ಏನೂ ಇಲ್ಲ.

ನಾವೆಲ್ಲ ಓಡಿದೆವು. ಎಲ್ಲರಿಗಿಂತ ಮುಂದೆ ‘ಇನ್ನೊಂದ್ಸಲ’.

“ಏನು ಬಿಟ್ಟಿದೀಯೋ ಇದರಲ್ಲಿ?” ಭಾವ ಕೂಗಿದರು.

“ಏನೂ ಬಿಟ್ಟಿಲ್ಲ ಸಾರ್. ಬೋಲ್ಟಿದೆ, ಫಿಲ್ಟರಿದೆ, ಮುಚ್ಚಳ ಇದೆ.” ಅವನು ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದ. ಒರೆಸಿ, ಅದ್ದಿ, ಇನ್ನೊಂದು ಸಲ ನೋಡಿದ. ಕಡ್ಡಿ ಒಣಗಿತ್ತು. ಅವನ ಮುಖವೂ ಒಣಗಿತು. “ಸಾರ್... ಆಯಿಲ್ಲು.”

“ಆಯಿಲ್ಲಾ? ಇಡೀ ಆಯಿಲ್ಲಾ?”

“ಇಡೀ ಸಾರ್. ಡಬ್ಬಿ ಕಂಬದ ಹಿಂದೇನೇ ಇದೆ.”

“ಬೇಕಂತ ಬಿಟ್ಟೆಯಾ? ನಿಜ ಹೇಳು.”

“ಅಯ್ಯೋ, ನಿಮ್ಮಾಣೆ ಇಲ್ಲ ಸಾರ್! ಮರೆತೇ ಹೋಯ್ತು!”

ಹೊಗೆಯ ನಡುವೆ ಭಾವನ ಕಣ್ಣುಗಳು ತುಂಬಿಬಂದವು. ಎರಡೂ ಕೈ ಚಾಚಿ ಅವನನ್ನು ಬಾಚಿ ತಬ್ಬಿಕೊಂಡರು. “ಮುಚ್ಚಳ, ಬೋಲ್ಟು ಅಂತ ಇಷ್ಟು ವರ್ಷ ಚಿಲ್ಲರೆ ಕೆಲಸ ಮಾಡ್ಕೊಂಡು ಕೂತಿದ್ವಲ್ಲಪ್ಪಾ! ಆಯಿಲ್ ಬದಲಾಯಿಸೋ ಅಂಗಡೀಲಿ ಆಯಿಲ್ಲನ್ನೇ ಮರೆಯೋದು ಅಂದ್ರೆ ಸಾಮಾನ್ಯದ ತಲೆಯಾ ಇದು? ಬನ್ನಿ ಅಳಿಯಂದ್ರೇ, ಮನೆಗೆ ಹೋಗೋಣ.”

ಮನೆಗೆ ಹೋಗುವ ಮೊದಲು ಭಾವ ದೂರು ವಿಭಾಗಕ್ಕೆ ಬಂದು, ತಮ್ಮ ಎಂಜಿನ್ ಸುಟ್ಟುಹೋದ ಬಗ್ಗೆ ದೂರಿತ್ತರು. ಗೇಟು ದಾಟಿದ ಕಾರು ಹೊರಗಿನದು ಎಂಬ ನಿಯಮವನ್ನು ನಾನು ಓದಿ ಹೇಳಿದೆ.

“ಎಷ್ಟು ಅಚ್ಚುಕಟ್ಟಾಗಿದೆಯಯ್ಯಾ! ಯಾರು ಬರೆದದ್ದು?”

“ನೀವೇ ಭಾವ.”

ಅವರು ಬೀಗುತ್ತಾ ಪಕ್ಕದ ಮಳಿಗೆಗೆ ಹೋದರು. ಅಷ್ಟರಲ್ಲಿ ಆಯಿಲ್ ಡಬ್ಬಿ ಕಿಂಡಿಯ ಮೂಲಕ ಅಲ್ಲಿಗೆ ತಲುಪಿತ್ತು. ಕೆನ್ನೆಯ ಕಪ್ಪು ಇನ್ನೂ ತೊಳೆದುಕೊಂಡಿರದ ಮಗಳು ಅದನ್ನು ಅಪ್ಪನಿಗೆ ಪೂರ್ತಿ ಬೆಲೆಗೇ ಮಾರಿ ರಸೀದಿ ಕೊಟ್ಟಳು.

ಮದುವೆ ಚೆನ್ನಾಗಿ ಆಯಿತು. ಅಳಿಯನನ್ನು ಉಳಿಕೆ ವಿಭಾಗದ ಮುಖ್ಯಸ್ಥನನ್ನಾಗಿ ನೇಮಿಸಲಾಯಿತು. ಆಮೇಲೆ ಅವನು ಏನನ್ನೂ ಮರೆತಿಲ್ಲ, ಮರೆಯುವ ಅಗತ್ಯವೂ ಬಿದ್ದಿಲ್ಲ. ಈಗ ಗೇಟಿನಲ್ಲೇ ಬೋರ್ಡಿದೆ: “ಹೊಸ ಆಯಿಲ್ ಹಾಕಿಸಿಕೊಳ್ಳಲು ಇಚ್ಛಿಸುವವರು ಮೊದಲೇ ತಿಳಿಸಿ ಪ್ರತ್ಯೇಕ ಸಾಲಿನಲ್ಲಿ ನಿಲ್ಲತಕ್ಕದ್ದು. ಇದು ಹೆಚ್ಚುವರಿ ಸೇವೆ.” ಹಳೆಯದನ್ನು ಇಳಿಸಿ ಅಷ್ಟಕ್ಕೇ ಕಳಿಸುವ ಇನ್ನೊಂದು ಸಾಲು ಸರಸರನೆ ಸಾಗುತ್ತದೆ. ಮೊದಲೇ ಕೇಳುತ್ತಾರಲ್ಲ ಎಂದು ಜನರಿಗೂ ಸಮಾಧಾನವಿದೆ.

ನಿನ್ನೆ ಮೇಷ್ಟ್ರು ನಾಲ್ಕು ಜನರ ಕೈಲಿ ಕಾರು ತಳ್ಳಿಸಿಕೊಂಡು ಬಂದರು.

“ಸಾರ್, ಆಯಿಲ್ ಹಾಕಬೇಕಾ?” ಅಳಿಯ ಕೇಳಿದ.

“ಹೋದ ಸಲ ಹಾಕಿಸಿರಲಿಲ್ಲ ಅಲ್ವಾ?”

“ಇಲ್ಲ ಸಾರ್.”

“ಹೌದೌದು. ಅದಕ್ಕೇ ಏನೋ ಸ್ವಲ್ಪ ಸದ್ದು ಬರ್ತಿತ್ತು.”

“ಇನ್ನೊಂದ್ಸಲ ಕೇಳ್ತೀನಿ ಸಾರ್. ಹಾಕಬೇಕು ತಾನೆ?”

ಮೇಷ್ಟ್ರು ಕತ್ತು ಚಾಚಿ ಎರಡೂ ಸಾಲುಗಳನ್ನು ನೋಡಿದರು. ಆಯಿಲ್ ಸಾಲು ಗೇಟಿನ ಹೊರಗಿನವರೆಗೂ ಬೆಳೆದಿತ್ತು. ಕೈಗಡಿಯಾರ ನೋಡಿಕೊಂಡರು.

“ಇವತ್ತು ಸ್ವಲ್ಪ ಅವಸರ ಇದೆಯಪ್ಪಾ. ಮುಂದಿನ ಸಲ ಹಾಕಿಸ್ತೀನಿ” ಎಂದು, ತಳ್ಳುವವರಿಗೆ ಇನ್ನೊಂದು ಸಾಲನ್ನು ತೋರಿಸಿದರು.