ಹೊಸ ಸರ್ವರ್, ಹತ್ತು ಗಂಟೆಯ ಬಸ್ಸು

ಎಲ್ಲ ತೊಂದರೆಗೂ ಮೂಲ, ಆಫೀಸಿನ ಕಂಪ್ಯೂಟರು ನೋಡಿಕೊಳ್ಳುವ ಅಸ್ರಾತ್ ಬೆಳಿಗ್ಗೆ ಹೊಸ ಸರ್ವರಿನ ಮುಂದೆ ನಿಂತು ಬಾಯಿ ತಪ್ಪಿ ಆಡಿದ ಒಂದು ಮಾತು. "ಇದೇನು ಮಹಾ ಕೆಲಸ? ಕಾಫಿ ಕುದಿಯೋದ್ರೊಳಗೆ ಮುಗಿಸ್ತೀನಿ" ಎಂದುಬಿಟ್ಟ.

ಮಾತು ಬಿದ್ದದ್ದು ಮ್ಯಾನೇಜರ್ ಅತೊ ದಾಮ್ತೌ ಅವರ ಕಿವಿಗೆ. ಜಿಮ್ಮಾ ಪಟ್ಟಣದ ಆ ಬಸ್ ಮಾಲೀಕರ ಸಂಘದಲ್ಲಿ ಅವರ ಕಿವಿಗೆ ಬಿದ್ದ ಮಾತು ಕಲ್ಲಿನ ಮೇಲೆ ಬರೆದ ಹಾಗೆ. "ಹಾಗಾದ್ರೆ ಸರಿ. ಮಧ್ಯಾಹ್ನ ಹಾಜಿ ಬರೋ ಹೊತ್ತಿಗೆ ಮಷೀನು ಟಿಕೇಟು ಕೊಡ್ತಿರಬೇಕು. ಕೊಟ್ಟರೆ ನಿನಗೆ ರಜೆ. ಇಲ್ಲದಿದ್ರೆ ಇಲ್ಲ" ಎಂದರು. ಹಾಜಿ ಕೆದಿರ್ ಎಂದರೆ ಸಂಘದ ಅಧ್ಯಕ್ಷರು.

ಅಸ್ರಾತನಿಗೆ ರಜೆ ಬೇಕೇ ಬೇಕಿತ್ತು. ಹೆಂಡತಿ ಬಾಣಂತನಕ್ಕೆಂದು ವೆಲ್ಕಿತೆಯ ತವರಿನಲ್ಲಿದ್ದಳು. ಹೆಣ್ಣು ಮಗುವಿಗೆ ಎಂಬತ್ತನೆಯ ದಿನ ದೀಕ್ಷಾಸ್ನಾನ ಮಾಡಿಸಿ ಹೆಸರಿಡಬೇಕು, ಆ ದಿನ ನಾಳೆ, ಅದೂ ಬೆಳಕು ಹರಿಯುವ ಹೊತ್ತಿಗೆ ಚರ್ಚಿನಲ್ಲಿ. ಮಗು ಹುಟ್ಟಿದ ದಿನವೂ ಅವನು ಆಫೀಸಿನ ಪ್ರಿಂಟರಿನ ಹೊಟ್ಟೆಯೊಳಗೆ ಕೈ ಇಟ್ಟುಕೊಂಡು ಕೂತಿದ್ದ. ಈ ಸಲವೂ ತಪ್ಪಿಸಿಕೊಂಡರೆ ಅತ್ತೆ ಮೊಮ್ಮಗಳನ್ನು ತೋರಿಸುವುದಿರಲಿ, ಬಾಗಿಲನ್ನೂ ತೆಗೆಯುವಂತಿರಲಿಲ್ಲ. ವೆಲ್ಕಿತೆಗೆ ಕೊನೆಯದು ಹತ್ತು ಗಂಟೆಯ ಬಸ್ಸು. ಜಿಮ್ಮಾದ ಗಡಿಯಾರ ಸೂರ್ಯ ಹುಟ್ಟಿದಾಗಿನಿಂದ ಎಣಿಸುವುದರಿಂದ ಹತ್ತು ಎಂದರೆ ಇಳಿಹೊತ್ತು. ಲೋಕದ ಉಳಿದವರು ಅದನ್ನು ಸಂಜೆ ನಾಲ್ಕು ಎಂದುಕೊಂಡರೆ ಅದು ಅವರ ಹಣೆಬರಹ.

ಅವನು ಜಂಬ ಕೊಚ್ಚಿಕೊಂಡದ್ದಕ್ಕೆ ಕಾರಣವಿಲ್ಲದೆ ಇರಲಿಲ್ಲ. ಸರ್ವರ್ ಬಂದದ್ದು ಆಪರೇಟಿಂಗ್ ಸಿಸ್ಟಮ್ಮು, ಟಿಕೇಟಿನ ಪ್ರೋಗ್ರಾಮು ಎಲ್ಲ ಒಳಗೇ ತುಂಬಿಸಿಕೊಂಡು. ಅಡುಗೆ ಮಾಡಿ ಮುಚ್ಚಿಟ್ಟ ಊಟ, ಬಡಿಸಿಕೊಂಡರಾಯಿತು. ಮೊದಲ ಸಲ ಸ್ವಿಚ್ ಹಾಕಿದಾಗ ನಾಲ್ಕಾರು ಪ್ರಶ್ನೆ ಕೇಳುತ್ತದೆ, ಉತ್ತರ ಕೊಟ್ಟರೆ ಮುಗಿಯಿತು.

ಅದು ಕೇಳಿದ ಮೊದಲ ಪ್ರಶ್ನೆ ತನ್ನ ಹೆಸರೇನು ಎಂದು. ಅಲ್ಲಿಗೇ ಅರ್ಧ ಬೆಳಿಗ್ಗೆ ಹೋಯಿತು. ಅತೊ ದಾಮ್ತೌ ಅಧ್ಯಕ್ಷರ ಹೆಸರಿಡಬೇಕು ಎಂದರು. ಟಿಕೇಟು ಬರೆಯುವ ತ್ಸಿಗೆ, ಬಸ್ಸುಗಳನ್ನು ಕಾಯುವವನು ಸಂತ ಗೇಬ್ರಿಯಲ್ಲನೇ ಹೊರತು ಹಾಜಿಯಲ್ಲ ಎಂದಳು. ಮಷೀನು ಬಿರುದುಗಳನ್ನೂ ಒಪ್ಪಲಿಲ್ಲ, ಸಂತರನ್ನೂ ಒಪ್ಪಲಿಲ್ಲ. ಹೆಸರು ತೀರ ಉದ್ದವಾಯಿತು ಎಂದು ಎರಡನ್ನೂ ತಿರಸ್ಕರಿಸಿತು. ಇಬ್ಬರಿಗೂ ಮುಖಭಂಗವಾಗದಿರಲೆಂದು ಅಸ್ರಾತ್ 'ಜಿಮ್ಮಾ' ಎಂದು ಬರೆದ. ಇಬ್ಬರೂ ಮುಖ ಊದಿಸಿಕೊಂಡರು.

ಈ ತ್ಸಿಗೆಯ ವಿಷಯ ಹೇಳಲೇಬೇಕು. ಇಪ್ಪತ್ತು ವರ್ಷದಿಂದ ಕಿಟಕಿಯ ಹಿಂದೆ ಕೂತು ಪ್ರತಿ ಟಿಕೇಟನ್ನೂ ಕೈಯಲ್ಲೇ ಬರೆದವಳು. ಪ್ರಯಾಣಿಕನ ಹೆಸರು, ಅವನ ಅಪ್ಪನ ಹೆಸರು, ಅಜ್ಜನ ಹೆಸರು, ಎಲ್ಲವೂ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ. ನಡುನಡುವೆ ಅಜ್ಜನ ಆರೋಗ್ಯವನ್ನೂ ವಿಚಾರಿಸುತ್ತಿದ್ದಳು. ಆಫೀಸಿನಲ್ಲಿ ಎಲ್ಲರೂ ಅವಳನ್ನು 'ಇತಿಯೆ' ಎಂದೇ ಕರೆಯುತ್ತಿದ್ದರು, ಅಕ್ಕ ಎಂಬ ಹಾಗೆ. ಮನಸ್ಸು ಬಂಗಾರ. ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ.

ಮಷೀನು ಎರಡನೆಯ ಪ್ರಶ್ನೆ ಕೇಳುವುದಕ್ಕೂ ವೆಲ್ಕಿತೆಯಿಂದ ಅತ್ತೆಯ ಫೋನು ಬರುವುದಕ್ಕೂ ಸರಿಹೋಯಿತು. ಅಸ್ರಾತ್ ಅಂಗಳಕ್ಕೆ ಓಡಿದ. ಬರುತ್ತೇನೆ, ಖಂಡಿತ ಬರುತ್ತೇನೆ, ಮಗುವಿನ ಮೇಲಾಣೆ ಎಂದ. ಅತ್ತೆ ಆಣೆಯನ್ನು ಮಧ್ಯಕ್ಕೇ ಕತ್ತರಿಸಿದರು.

"ಬಸ್ಸಿನ ಆಫೀಸಲ್ಲಿ ಕೂತವನಿಗೆ ಬಸ್ಸು ಸಿಗಲಿಲ್ಲ ಅಂತ ಮಾತ್ರ ಹೇಳ್ಬೇಡಪ್ಪಾ. ಊರು ನಗುತ್ತೆ."

ಅವನು ಒಳಗೆ ಬರುವಷ್ಟರಲ್ಲಿ ಎರಡನೆಯ ಪ್ರಶ್ನೆ ಮುಗಿದು ಮೂರನೆಯದು ಬಂದಿತ್ತು: ಪಾಸ್‌ವರ್ಡ್. ಅವನಿಗೆ ಖುಷಿಯೇ ಆಯಿತು. ಪಾಸ್‌ವರ್ಡ್ ಹಾಕಿದ, ಎಲ್ಲದಕ್ಕೂ ಒಪ್ಪಿಗೆ ಒತ್ತಿದ, ಟಿಕೇಟಿನ ಪ್ರೋಗ್ರಾಮು ತೆರೆದ. ಪ್ರೋಗ್ರಾಮು ಬಹಳ ವಿನಯದಿಂದ ಹೇಳಿತು: ನಿಮ್ಮ ಪರವಾನಗಿಯ ಅವಧಿ ಇನ್ನೂ ಆರಂಭವಾಗಿಲ್ಲ, ಆರಂಭವಾದ ಮೇಲೆ ದಯಮಾಡಿ ಬನ್ನಿ.

ಹೊಸ ಸಾಮಾನಲ್ಲವೇ, ನಾಳೆಯಿಂದ ಶುರುವಾಗಬಹುದು ಎಂದರು ಅತೊ ದಾಮ್ತೌ. ಅಸ್ರಾತ್ ಪರದೆಯ ಮೂಲೆಯ ತಾರೀಖು ನೋಡಿದ. ಮಷೀನಿನ ಪ್ರಕಾರ ಅದು ಹುಟ್ಟುವುದಕ್ಕೇ ಇನ್ನೂ ವರ್ಷಗಳಿದ್ದವು.

"ಇತಿಯೆ, ಇಲ್ಲಿ ತಾರೀಖು ಹಾಕಿದ್ದು ಯಾರು?"

"ನಾನೇ. ನೀನು ಫೋನಲ್ಲಿದ್ದೆ, ಅದು ಕೇಳ್ತಾ ನಿಂತಿತ್ತು. ಕೇಳಿದವರಿಗೆ ಉತ್ತರ ಕೊಡದೆ ಇರೋಕಾಗುತ್ತಾ?"

"ಯಾವ ವರ್ಷ ಹಾಕಿದ್ರಿ?"

"ಈ ವರ್ಷದ್ದೇ. ಗೋಡೆ ಕ್ಯಾಲೆಂಡರ್ ನೋಡೇ ಹಾಕ್ದೆ. ಗಂಟೆ ನನ್ನ ವಾಚಿಂದು, ಒಂದು ನಿಮಿಷ ಹೆಚ್ಚುಕಮ್ಮಿ ಇಲ್ಲ."

ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಗೋಡೆಯ ಮೇಲಿದ್ದದ್ದು ದೇಶದ ಕ್ಯಾಲೆಂಡರು. ಅದು ಹೊರಗಿನ ಲೋಕಕ್ಕಿಂತ ಏಳು ವರ್ಷ ಹಿಂದೆ, ಯಾವ ಆತುರವೂ ಇಲ್ಲದೆ, ಹಾಯಾಗಿ ನಡೆದುಬಂದಿದೆ. ಅದನ್ನು ಮಷೀನಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ.

ಅಸ್ರಾತ್ ತಾರೀಖನ್ನು ಸರಿಮಾಡಿದ. ಮಷೀನು ಒಂದೇ ನೆಗೆತಕ್ಕೆ ಏಳು ವರ್ಷ ಮುಂದೆ ಬಂದು, ಸುತ್ತ ನೋಡಿ, ಹೇಳಿತು: ನಿಮ್ಮ ಪಾಸ್‌ವರ್ಡ್ ಏಳು ವರ್ಷ ಹಳೆಯದು, ಭದ್ರತೆಯ ದೃಷ್ಟಿಯಿಂದ ನಿಮ್ಮ ಖಾತೆಯನ್ನು ಮುಚ್ಚಲಾಗಿದೆ, ನಿಮ್ಮ ಮೇಲ್ವಿಚಾರಕರನ್ನು ಕಾಣಿರಿ. ಆ ಮೇಲ್ವಿಚಾರಕನೂ ಅಸ್ರಾತನೇ. ತನ್ನನ್ನು ತಾನು ಎಲ್ಲಿ ಹೋಗಿ ಕಾಣುವುದೆಂದು ಅವನಿಗೆ ತಿಳಿಯಲಿಲ್ಲ.

ಉಳಿದದ್ದು ಒಂದೇ ದಾರಿ. ಮಷೀನನ್ನು ಕಾರ್ಖಾನೆಯಿಂದ ಹೊರಟ ದಿನದ ಸ್ಥಿತಿಗೆ ಒಯ್ದು, ಎಲ್ಲವನ್ನೂ ಮೊದಲಿನಿಂದ ಮಾಡುವುದು. ಅದು ತನ್ನಷ್ಟಕ್ಕೆ ತಾನು ಗುರುಗುಟ್ಟುತ್ತ ಮರುಜನ್ಮ ಪಡೆಯುತ್ತಿದ್ದಾಗ, ತ್ಸಿಗೆ ತಪ್ಪುಕಾಣಿಕೆಯೆಂಬಂತೆ, ಊರಿನ ಪದ್ಧತಿಯ ಹಾಗೆ ನೆಲಕ್ಕೆ ಹಸಿ ಹುಲ್ಲು ಹಾಸಿ, ಕೆಂಡದ ಒಲೆಯಿಟ್ಟು ಕಾಫಿ ಹುರಿಯತೊಡಗಿದಳು. ಒಲೆಯಿಟ್ಟದ್ದು ಮಷೀನು ಗಾಳಿ ಎಳೆದುಕೊಳ್ಳುವ ಜಾಗದ ನೇರಕ್ಕೆ. ಹೊಗೆ ಕುಡಿದ ಮಷೀನು ಕೀ ಎಂದು ಅರಚಿತು. ಒಲೆಯನ್ನು ಬಾಗಿಲಾಚೆ ಇಡಿ ಎಂದು ಅಸ್ರಾತ್ ಕೇಳಿದ್ದಕ್ಕೆ, ಕಾಫಿಯ ವಾಸನೆ ಆಗದ ಸಾಮಾನನ್ನು ಈ ಊರಿಗೆ ತಂದದ್ದೇ ತಪ್ಪು ಎಂದಳು. ಆದರೂ ಒಲೆಯನ್ನೆತ್ತಿದಳು.

ಎರಡನೆಯ ಸಲ ಅವನು ಯಾರನ್ನೂ ಹತ್ತಿರ ಬಿಡಲಿಲ್ಲ. ಅತ್ತೆಯ ಫೋನು ಮತ್ತೆ ಬಂತು, ಎತ್ತಲಿಲ್ಲ. ಮರಿಗೆ ರೆಕ್ಕೆ ಮುಚ್ಚಿ ಕೂತ ಕೋಳಿಯ ಹಾಗೆ ಕೀಬೋರ್ಡಿನ ಮೇಲೆ ಬಾಗಿ ತಾರೀಖು, ಗಂಟೆ, ಪಾಸ್‌ವರ್ಡ್ ಎಲ್ಲ ತಾನೇ ಹಾಕಿದ. ಪರವಾನಗಿ ಒಪ್ಪಿತು. ಇನ್ನೇನು ಗೆದ್ದೆ ಎನ್ನುವಾಗ ಅತೊ ದಾಮ್ತೌ ಪರದೆಯ ಮೂಲೆ ನೋಡಿ, ತಮ್ಮ ವಾಚು ನೋಡಿ, ಹುಬ್ಬೇರಿಸಿದರು.

"ಇದು ಆರು ಗಂಟೆಯಷ್ಟು ತಪ್ಪು ತೋರಿಸ್ತಿದೆಯಲ್ಲಯ್ಯ."

ಅದು ಹೊರಗಿನ ಲೋಕದ ಗಂಟೆಯೆಂದು ಅಸ್ರಾತ್ ವಿವರಿಸಿದ. ಅವರಿಗೆ ಅರ್ಥವಾಗಲಿಲ್ಲವೆಂದಲ್ಲ, ಮನಸ್ಸಿಗೆ ಬರಲಿಲ್ಲ.

"ಜಿಮ್ಮಾದ ಕರೆಂಟು ತಿಂದು ಬೇರೆಯವರ ಗಂಟೆ ಹೇಳೋದಾ? ಹಾಜಿ ನೋಡಿದ್ರೆ ನನ್ನ ಮರ್ಯಾದೆ ಏನಾಗ್ಬೇಕು? ಹತ್ತು ಗಂಟೆ ಬಸ್ಸು ಹತ್ತು ಗಂಟೆ ಅಂತಲೇ ಬರ್ಬೇಕು."

ಮತ್ತೆ ತಾರೀಖು, ಗಂಟೆ ಮುಟ್ಟುವ ಧೈರ್ಯ ಅಸ್ರಾತನಿಗಿರಲಿಲ್ಲ. ಮಷೀನಿನ ಗಂಟೆಯನ್ನು ಅದರ ಪಾಡಿಗೆ ಬಿಟ್ಟು, ಟಿಕೇಟಿನ ಮೇಲೆ ಮಾತ್ರ ಊರಿನ ಗಂಟೆ ಅಚ್ಚಾಗುವಂತೆ ಪ್ರೋಗ್ರಾಮಿನೊಳಗೆ ಒಂದು ಲೆಕ್ಕ ಸೇರಿಸಿದ. ಪರದೆಯ ಮೂಲೆಗೆ ತ್ಸಿಗೆ ಒಂದು ಚೂರು ಅಂಟುಪಟ್ಟಿ ಹಚ್ಚಿದಳು. ಕಾಣದಿದ್ದರೆ ತಪ್ಪೇ ಅಲ್ಲ.

ಹಾಜಿ ಕೆದಿರ್ ಬಂದಾಗ ಎಲ್ಲ ಸಿದ್ಧವಾಗಿತ್ತು. ಮಷೀನು ಬಂದ ಸುದ್ದಿ ಹರಡಿ ಕಿಟಕಿಯ ಮುಂದೆ ಜನವೋ ಜನ. ಹಾಜಿ ದೇವರ ಹೆಸರು ಹೇಳಿ ಗುಂಡಿ ಒತ್ತಿದರು. ಮೊದಲ ಟಿಕೇಟು ಅಸ್ರಾತನ ಹೆಸರಿನಲ್ಲೇ ಬರಲಿ ಎಂದದ್ದೂ ಅವರೇ. ವೆಲ್ಕಿತೆ, ಮೊದಲನೆಯ ಸೀಟು, ಹೊರಡುವ ಸಮಯ ಹತ್ತು ಗಂಟೆ. ಅಪ್ಪನ ಹೆಸರು, ಅಜ್ಜನ ಹೆಸರು ಎಲ್ಲ ಸ್ಪಷ್ಟ. ಟಿಕೇಟು ಹಿಡಿದ ಅಸ್ರಾತನ ಕಣ್ಣು ತುಂಬಿ ಬಂತು. ಅತ್ತೆಗೆ ಇದನ್ನೇ ಮೊದಲು ತೋರಿಸಬೇಕೆಂದುಕೊಂಡ.

ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಹಾಜಿ ಕಾಫಿಗೆ ಕೂರಿಸಿಕೊಂಡರು. ಕಾಫಿಯೆಂದರೆ ಮೂರು ಸುತ್ತು. ಮೂರನೆಯ ಬಟ್ಟಲಿನಲ್ಲೇ ಆಶೀರ್ವಾದವಿರುವುದು, ಅದನ್ನು ಬಿಟ್ಟೇಳುವುದೆಂದರೆ ಮನೆಯ ಯಜಮಾನನ ಮುಖಕ್ಕೆ ಬಾಗಿಲು ಹಾಕಿದಂತೆ. ಅಸ್ರಾತ್ ನಿಶ್ಚಿಂತೆಯಿಂದ ಕೂತ. ಪಕ್ಕದ ಕೋಣೆಯಿಂದ ಪ್ರಿಂಟರಿನ ಕಿರ್ರ್ ಕಿರ್ರ್ ಸದ್ದು ಬಿಡದೆ ಕೇಳುತ್ತಿತ್ತು. ತ್ಸಿಗೆ ಒತ್ತುತ್ತಿದ್ದಳು, ಟಿಕೇಟು ಉದುರುತ್ತಿತ್ತು. ಪ್ರತಿ ಸದ್ದಿಗೂ ಅವನ ಎದೆ ಉಬ್ಬುತ್ತಿತ್ತು. ಎಂಥ ವೇಗ ಎಂದು ಹಾಜಿಯೂ ತಲೆದೂಗಿದರು.

ಮೂರನೆಯ ಬಟ್ಟಲು ಮುಗಿಸಿ, ಆಶೀರ್ವಾದ ಪಡೆದು, ಚೀಲ ಹೆಗಲಿಗೇರಿಸಿ ಅವನು ನಿಲ್ದಾಣಕ್ಕೆ ಹೋದಾಗ ಹತ್ತಾಗಲು ಇನ್ನೂ ಒಂದು ಗಂಟೆಯೇ ಇತ್ತು. ವೆಲ್ಕಿತೆಯ ಬಸ್ಸು ನಿಲ್ಲುವ ಜಾಗದಲ್ಲಿ ಒಂದು ಮೇಕೆ ನಿಂತಿತ್ತು. ನಿಲ್ದಾಣದಲ್ಲಿ ಕೂಗಿ ಕೂಗಿ ಬಸ್ಸಿಗೆ ಜನ ತುಂಬಿಸುವ ಮುದುಕ ಗೆಬ್ರೆ ಗೋಡೆಗೊರಗಿ ಕಡ್ಡಿಯಿಂದ ಹಲ್ಲು ಉಜ್ಜುತ್ತಿದ್ದ.

"ಹತ್ತು ಗಂಟೆ ಬಸ್ಸು ಎಲ್ಲಿ?"

"ಹೋಯ್ತು."

"ಹತ್ತಾಗಿಲ್ಲವಲ್ಲ!"

"ಗಂಟೆ ನೋಡಿ ಹೊರಡೋಕೆ ಅದೇನು ವಿಮಾನವಾ? ಬಸ್ಸು ತುಂಬಿದ್ರೆ ಹೊರಡುತ್ತೆ, ಇವತ್ತಾ ನಿನ್ನೆಯಾ? ಇಷ್ಟು ವರ್ಷ ತ್ಸಿಗೆ ಬರೆದು ಮುಗಿಸೋ ಹೊತ್ತಿಗೆ ಹತ್ತಾಗ್ತಿತ್ತು, ಅದಕ್ಕೆ ಹತ್ತು ಗಂಟೆ ಬಸ್ಸು ಅಂತ ಹೆಸರು ಬಂತು. ಇವತ್ತು ಯಾವುದೋ ಮಷೀನು ಬಂದಿದೆಯಂತೆ, ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ತುಂಬಿಹೋಯ್ತು. ಒಂದು ಸೀಟು ಖಾಲಿ ಇತ್ತು ನೋಡು. ಮೂರು ಸಲ ಕೂಗಿದೆ, ಯಾರೋ ಅಸ್ರಾತ್ ಅಂತೆ, ಬರಲಿಲ್ಲ. ನಿಂತಿದ್ದ ಒಂದು ಹೆಂಗಸನ್ನ ಕೂರಿಸಿದೆ."

ಇನ್ನು ಬಸ್ಸು ನಾಳೆ ಬೆಳಿಗ್ಗೆ. ಅದು ವೆಲ್ಕಿತೆ ಸೇರುವಷ್ಟರಲ್ಲಿ ಮಗುವಿಗೆ ಹೆಸರಿಟ್ಟು, ಜನ ಉಂಡು, ಕೈ ತೊಳೆದಿರುತ್ತಾರೆ.

ಅಸ್ರಾತ್ ಆಫೀಸಿಗೆ ವಾಪಸ್ಸು ಬಂದ. ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಯಾರದೆಂದು ನೋಡುವ ಅಗತ್ಯವಿರಲಿಲ್ಲ. ಬಾಯಿಬಿಟ್ಟು ಅಳದಿರಲು ಅವನು ತುಟಿ ಕಚ್ಚಿ ನಿಂತದ್ದನ್ನು ಕಂಡು ತ್ಸಿಗೆಗೆ ಕರುಳು ಚುರುಕ್ಕೆಂದಿತು. ಅವಳು ಅವನನ್ನು ಮಷೀನಿನ ಮುಂದಿನ ಕುರ್ಚಿಯಲ್ಲಿ ಕೂರಿಸಿದಳು, ಪರದೆಯ ಮೂಲೆಯ ಅಂಟುಪಟ್ಟಿಯನ್ನು ಮೆಲ್ಲಗೆ ಕಿತ್ತಳು, ಕೀಬೋರ್ಡನ್ನು ತನ್ನ ಕಡೆಗೆ ಎಳೆದುಕೊಂಡಳು.

"ಅಳಬೇಡ ಮಗಾ. ಬೆಳಿಗ್ಗೆ ಏಳು ವರ್ಷ ಹಿಂದಕ್ಕೆ ತಿರುಗಿಸಿದ್ದೆ. ಈಗ ಒಂದೆರಡು ಗಂಟೆ ತಿರುಗಿಸೋದು ಯಾವ ಲೆಕ್ಕ?" ಎಂದಳು.