ಬೆರಳಲ್ಲೇ ವಾಸಿ

ವೀಣೆ ಹಿಡಿದು ಬೀದಿಯಲ್ಲಿ ಹೋದರೆ ಜನ ದಾರಿ ಬಿಡುತ್ತಾರೆ. ನನ್ನ ವಾದ್ಯ ಹಿಡಿದು ಹೋದರೆ ಅಡ್ಡ ನಿಂತು ‘ಇದೇನು’ ಅಂತ ಕೇಳುತ್ತಾರೆ. ಏನೆಂದು ಹೇಳಿದ ಮೇಲಂತೂ ಅನುಮಾನ ಇನ್ನೂ ಜಾಸ್ತಿ. ನನಗಿದು ರೂಢಿಯಾಗಿಹೋಗಿದೆ.

ನೋಡಲು ಅದು ಕಪ್ಪು ರಬ್ಬರಿನ ಉದ್ದನೆಯ ಹಲಗೆ. ಕೀಗಳ ಜಾಗದಲ್ಲಿ ಮೆತ್ತನೆಯ ಉಬ್ಬುಗಳು. ಒತ್ತಿದರೆ ಸ್ವರ, ಇನ್ನೂ ಅಮುಕಿದರೆ ಸ್ವರ ದಪ್ಪಗಾಗುತ್ತದೆ, ಬೆರಳು ಜಾರಿಸಿದರೆ ಸ್ವರವೂ ಜಾರುತ್ತದೆ. ಚಿಕ್ಕವಳಿದ್ದಾಗ ಭಜನೆ ಮನೆಯಲ್ಲಿ ಹಾರ್ಮೋನಿಯಂ ಕಲಿತವಳು ನಾನು. ಗಮಕ ನುಡಿಯುವ ಕೀಬೋರ್ಡ್ ಕೈಗೆ ಸಿಕ್ಕಿದಾಗ ಆದ ಖುಷಿ ಅಷ್ಟಿಷ್ಟಲ್ಲ. ಆದರೆ ಅದಕ್ಕೆ ಸ್ವಂತ ದನಿಯಿಲ್ಲ. ಬೆರಳು ಏನು ಮಾಡಿತು ಅನ್ನುವುದನ್ನು ಲ್ಯಾಪ್‌ಟಾಪಿಗೆ ಮುಟ್ಟಿಸುತ್ತದೆ, ದನಿ ಅಲ್ಲಿಂದ ಬರಬೇಕು. ಎಲ್ಲ ತಾಪತ್ರಯ ಇಲ್ಲಿಂದಲೇ ಶುರು.

ಗೇಟಿನಲ್ಲಿ

ನಾನು ಹೊಸೂರಿನ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಸೆಕ್ಷನ್ನಿನಲ್ಲಿದ್ದೇನೆ. ಒಂದು ವರ್ಷ ಆಯುಧಪೂಜೆಗೆ ನುಡಿಸು ಅಂದರು. ಬೆಳಿಗ್ಗೆ ಗೇಟಿನಲ್ಲಿ ತಮಿಳಿನ ಸೆಕ್ಯುರಿಟಿಯವರು ಚೀಲ ಬಿಚ್ಚಿಸಿದರು.

“ಎನ್ನಮ್ಮಾ ಇದು?”

“ಕೀಬೋರ್ಡ್.”

“ಎ ಬಿ ಸಿ ಡಿ ಎಂಗೆ?” ಅಕ್ಷರಗಳೆಲ್ಲಿ ಅಂತ.

“ಅದಲ್ಲಣ್ಣಾ, ಪಾಟ್ಟು ಕೀಬೋರ್ಡ್.” ಹಾಡಿನದು ಅಂದೆ.

ಅವರೇ ಒತ್ತಿ ನೋಡಿದರು. ಕಿವಿ ಇಟ್ಟರು. “ಸತ್ತಮೇ ವರಲೆಯೇ” ಅಂದರು, ಸದ್ದೇ ಬರುತ್ತಿಲ್ಲವಲ್ಲ ಎಂದು. ಲ್ಯಾಪ್‌ಟಾಪಿಗೆ ಹಾಕಬೇಕು ಅಂದೆ. ಹಾಡೋಕೆ ಬಂದವಳು ಬಾಯಿ ಮನೆಯಲ್ಲಿಟ್ಟು ಬಂದೆ ಅಂದ ಹಾಗೆ ಕೇಳಿಸಿತೋ ಏನೋ, ನನ್ನನ್ನು ಒಂದು ಥರ ನೋಡಿ, “ಸರಿ, ಮ್ಯಾಟ್” ಎಂದು ತಾವೇ ತೀರ್ಮಾನಿಸಿ ಒಳಗೆ ಬಿಟ್ಟರು.

ಸಂಜೆ ಗೇಟಿನಲ್ಲಿ ಬೇರೆಯವರಿದ್ದರು. ನಮ್ಮಲ್ಲಿ ಮೆಷಿನ್ ಮುಂದೆ ನಿಲ್ಲುವವರ ಕಾಲಡಿಗೆ ಕಪ್ಪು ರಬ್ಬರ್ ಮ್ಯಾಟ್ ಹಾಸಿರುತ್ತಾರೆ. “ಕಂಪನಿ ಮ್ಯಾಟ್ ಮನೆಗೆ ಸಾಗಿಸ್ತಾ ಇದೀರಾ?” ಎಂದು ಹಿಡಿದು ಕೂರಿಸಿದರು. ಮನೆಗೆ ಹೋಗುವವರೆಲ್ಲ ನನ್ನನ್ನು ನೋಡಿಕೊಂಡೇ ಹೋದರು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಕೊನೆಗೆ ನಮ್ಮ ಸೂಪರ್‌ವೈಸರ್ ಬಂದು, ವಾದ್ಯವನ್ನು ಎರಡು ಸಲ ಅಮುಕಿ ನೋಡಿ ಸಾಕ್ಷಿ ಹೇಳಿದರು:

“ಬಿಟ್ಬಿಡಿ, ಇದು ನಮ್ಮ ಕಂಪನೀದಲ್ಲ. ನಮ್ಮ ಮ್ಯಾಟು ಇಷ್ಟು ಚೆನ್ನಾಗಿಲ್ಲ.”

ಹಿಟ್ಟಿಲ್ಲದ ನಾದುವಿಕೆ

ಕೆಲಮಂಗಲದ ಕಡೆಯಿಂದ ಅತ್ತೆ ಬಂದಿದ್ದರು. ಅವರ ನಿದ್ದೆ ಕೆಡಬಾರದೆಂದು ಮಧ್ಯಾಹ್ನ ಹೆಡ್‌ಫೋನ್ ಹಾಕಿಕೊಂಡು ಅಭ್ಯಾಸಕ್ಕೆ ಕೂತೆ. ಕಣ್ಣು ಮುಚ್ಚಿ, ತಲೆಯಾಡಿಸುತ್ತಾ, ಒಂದೊಂದು ಸ್ವರವನ್ನೂ ಅಮುಕಿ ಜಾರಿಸುತ್ತಿದ್ದೆ. ಕಣ್ಣು ಬಿಟ್ಟಾಗ ಅತ್ತೆ ಬಾಗಿಲ ಮರೆಯಲ್ಲಿ ನಿಂತು, ಡ್ಯೂಟಿಯಲ್ಲಿದ್ದ ಮಗನಿಗೆ ಫೋನ್ ಮಾಡುತ್ತಿದ್ದರು.

“ಬಿರ್ರನೆ ಬಾರ್ಲಾ. ನಿನ್ನೆಂಡ್ರು ಕಣ್ಮುಚ್ಕಂಡು ಹಿಟ್ಟು ನಾದ್ತಾವ್ಳೆ. ಹಿಟ್ಟೇ ಇಲ್ಲ ಕಣ್ಲಾ.”

ನಾನು ಓಡಿಹೋಗಿ ಅವರ ಕಿವಿಗೆ ಹೆಡ್‌ಫೋನ್ ಹಾಕಿ, ನಾಗಸ್ವರದ ದನಿ ಇಟ್ಟು ನುಡಿಸಿದೆ. ಅತ್ತೆ ಕಿಟಕಿಯಾಚೆ ನೋಡಿದರು. ಲ್ಯಾಪ್‌ಟಾಪಿನ ಹಿಂದೆ ನೋಡಿದರು. ಆಮೇಲೆ ಹೆಡ್‌ಫೋನ್ ತೆಗೆದು ಮೆಲ್ಲಗೆ ಹೇಳಿದರು:

“ಊದ್ತಿರೋನು ಯಾರೋ ಬ್ಯಾರೆಯೋನು. ನೀನು ಸುಮ್ಕೆ ಕೈಯಾಡಿಸ್ತಾ ಇದ್ದೀಯ. ಓಗ್ಲಿ, ಅವುನ್ಗೆ ಕುಡಿಯಾಕೆ ನೀರಾರ ಕೊಟ್ಯಾ?”

ಬೆಕ್ಕಿನ ಕೇಸು

ನಮ್ಮ ಮನೆ ಓನರ್ ಬಸ್ಸುಗಳಲ್ಲಿ ಟಿಕೆಟ್ ಚೆಕಿಂಗ್ ಮಾಡಿ ನಿವೃತ್ತರಾದವರು. ಕೆಲಸ ಬಿಟ್ಟರೂ ಕಳ್ಳರನ್ನು ಹಿಡಿಯುವ ಚಾಳಿ ಬಿಟ್ಟಿಲ್ಲ. ಮತ್ತಿಗಿರಿಯ ಅವರ ಮನೆಯ ಮಹಡಿಗೆ ನಾವು ಬಂದಾಗಲೇ ಎರಡು ಷರತ್ತು ಹಾಕಿದ್ದರು: ಪ್ರಾಣಿ ಸಾಕಬಾರದು, ಬಿಸಿನೆಸ್ ಮಾಡಬಾರದು. ಒಪ್ಪಿಕೊಂಡೆ. ಆ ಮನೆಯಲ್ಲಿ ಮೆಟ್ಟಿಲ ಪಕ್ಕ ಪುಟ್ಟ ಕೋಣೆಯೊಂದಿತ್ತು. ಈ ಊರಲ್ಲಿ ನನ್ನದು ಅಂತ ಬಾಗಿಲು ಹಾಕಿಕೊಂಡು ನುಡಿಸಲು ನನಗಿದ್ದ ಜಾಗ ಅದೊಂದೇ. ಅದು ಕೈತಪ್ಪಿದರೆ ವಾದ್ಯ ಅಟ್ಟ ಸೇರುವುದೇ ಸೈ.

ಒಂದು ದಿನ ಮೇಲಿನ ಸ್ವರಗಳಲ್ಲಿ ಜಾರು ಅಭ್ಯಾಸ ಮಾಡುತ್ತಿದ್ದೆ. ಓನರ್ ಬಾಗಿಲು ತಟ್ಟಿದರು.

“ಬೆಕ್ಕು ಎಲ್ಲಮ್ಮಾ ಮಡಗಿದ್ದೀರಿ?”

“ಬೆಕ್ಕಲ್ಲ ಸಾರ್, ಇದು.” ತೋರಿಸಲು ಹೋದರೆ ಲ್ಯಾಪ್‌ಟಾಪ್ ಅದೇ ಹೊತ್ತಿಗೆ ಅಪ್‌ಡೇಟ್ ಅಂತ ಮಲಗಿಬಿಟ್ಟಿತು. ನಾನು ಒತ್ತೇ ಒತ್ತಿದೆ, ಸದ್ದಿಲ್ಲ.

“ಈ ರಬ್ಬರು ಮ್ಯಾಂವ್ ಅಂತಾ?” ಎಂದು ಮಂಚದ ಕೆಳಗೆಲ್ಲ ಬಗ್ಗಿ ನೋಡಿದರು. “ಬೆಕ್ಕು ಸಿಕ್ಕಿದ ದಿನ ಮನೆ ಖಾಲಿ ಮಾಡ್ಬೇಕಾಗ್ತದೆ.”

ಮಾರನೆಯ ದಿನ ಮೆಟ್ಟಿಲ ಮೇಲೆ ಒಂದು ಬಟ್ಟಲು ಹಾಲು ಇಟ್ಟರು. ಸಂಜೆಗೆ ಬಟ್ಟಲು ಖಾಲಿ. “ನೋಡಿದ್ರಾ?” ಅಂದರು. ಬೀದಿನಾಯಿ ಕುಡಿದದ್ದನ್ನು ನಾನೇ ನೋಡಿದ್ದೆ. ಹೇಳಿದರೆ ‘ನಾಯಿ ಬೇರೆ ಸಾಕಿದ್ದೀರಾ’ ಅಂತಾರೆ ಎಂದು ಬಾಯಿ ಮುಚ್ಚಿಕೊಂಡೆ.

ವಾಸಿ

ಓನರ್ ಹೆಂಡತಿ ತಮಿಳಿನವರು, ಒಳ್ಳೆಯವರು. ಒಮ್ಮೆ ಮೇಲೆ ಬಂದು ಕೂತು ಕೇಳಿದರು. ಕಣ್ಣಲ್ಲಿ ನೀರು ತುಂಬಿಕೊಂಡರು. ಹೋಗಿ ಗಂಡನಿಗೆ ಹೇಳಿದರು, ಅವರು ನಂಬಲಿಲ್ಲ. ಬಾಗಿಲಿಗೆ ಬಂದ ಸೊಪ್ಪಿನಜ್ಜಿಗೂ ಹೇಳಿದರು:

“ಮೇಲ್ ವೀಟ್ಟು ಪೊಣ್ಣು ವಿರಲಾಲೇ ಅಮುಕ್ಕಿ ಅಮುಕ್ಕಿ ಅಳಗಾ ವಾಸಿಕ್ಕಿದು.”

ಮಹಡಿಯ ಹುಡುಗಿ ಬೆರಳಲ್ಲೇ ಅಮುಕಿ ಅಮುಕಿ ಚೆನ್ನಾಗಿ ನುಡಿಸುತ್ತಾಳೆ ಅಂತ. ತಮಿಳಿನಲ್ಲಿ ವಾದ್ಯ ನುಡಿಸುವುದಕ್ಕೆ ವಾಸಿಕ್ಕಿರದು ಅನ್ನುತ್ತಾರೆ. ಸೊಪ್ಪಿನಜ್ಜಿ ನಮ್ಮ ಕನ್ನಡದವಳು. ಅವಳ ಕಿವಿಗೆ ಬಿದ್ದದ್ದು ಬೆರಳು, ಅಮುಕುವುದು, ವಾಸಿ.

ಭಾನುವಾರ ಬೆಳಿಗ್ಗೆ ಬಾಗಿಲು ತೆರೆದು, ವಾದ್ಯವನ್ನು ನೆಲದ ಮೇಲಿಟ್ಟು, ಸ್ಪೀಕರ್ ಹಾಕಿ ಕೂತಿದ್ದೆ. ಅಜ್ಜಿ ಮೆಟ್ಟಿಲು ಹತ್ತಿ ಬಂದಳು. ಅವಳ ಹಿಂದೆ ಸೊಂಟ ಹಿಡಿದುಕೊಂಡವರು, ಕತ್ತು ಹಿಡಿದುಕೊಂಡವರು.

“ಮಂಡಿನೋವು ಕಣವ್ವ. ಇದ್ರ ಮ್ಯಾಲೇ ತಾನೆ?” ಎಂದವಳೇ, ನಾನು ಅಯ್ಯೋ ಅನ್ನುವಷ್ಟರಲ್ಲಿ ವಾದ್ಯದ ಮೇಲೆ ಮಂಡಿಯೂರಿದಳು.

ಸ್ಪೀಕರಿನಿಂದ ಊಂ ಎಂದು ಉದ್ದನೆಯ ನರಳಾಟ ಬಂತು. ಅಜ್ಜಿ ಮಂಡಿ ಸರಿಸಿದಳು. ನರಳಾಟ ಇಳಿಯುತ್ತಾ ಹೋಯಿತು.

“ಕೇಳ್ರವ್ವ,” ಅಂದಳು ಮೆಟ್ಟಿಲ ಮೇಲಿದ್ದವರಿಗೆ. “ನೋವು ಆಚೆಗೆ ಬತ್ತಾ ಐತೆ.”

ಅಷ್ಟರಲ್ಲಿ ಸಾಲನ್ನು ಸರಿಸಿಕೊಂಡು ಓನರ್ ಬಂದರು. “ಬಿಸಿನೆಸ್ ಮಾಡ್ಬಾರ್ದು ಅಂದಿದ್ನಲ್ಲಮ್ಮಾ. ಈ ತಿಂಗ್ಳೇ ಖಾಲಿ ಮಾಡಿ.”

ವಾಸಿ ಅಂದರೆ ಆ ವಾಸಿ ಅಲ್ಲ, ತಮಿಳಿನ ವಾಸಿ ಎಂದು ಬಿಡಿಸಿ ಹೇಳಿದೆ. ಸುಳ್ಳು ಹೇಳುವವರು ಹೀಗೇ ಬಿಡಿಸಿ ಹೇಳುತ್ತಾರೆ ಅನ್ನುವ ಹಾಗೆ ನೋಡಿದರು.

ಅಜ್ಜಿ ಬಿಡಲಿಲ್ಲ. “ಒಂದು ಕಾಸೂ ಈಸ್ಕಂಡಿಲ್ಲ, ಅದೆಂಗೆ ಬಿಸಿನೆಸ್ ಆದಾತು? ನೀನೂ ಭುಜನೋವು ಅಂತಿದ್ಯಲ್ಲಪ್ಪ, ಒಂದ್ಸಲ ಒತ್ತು.”

“ಒತ್ತೇ ತೋರಿಸ್ತೀನಿ, ಇವರ ಬಣ್ಣ ಬಯಲಾಗ್ಲಿ,” ಎಂದು ಓನರ್ ಕೂತರು. ತೋಳು ಮಡಚಿ, ಮೇಲಿನ ಸ್ವರಗಳ ತುದಿಯಲ್ಲಿ ಮೊಣಕೈ ಊರಿದರು. ಮೊಣಕೈ ಸ್ವಲ್ಪ ಜಾರಿತು.

ಮ್ಯಾಂವ್.

ಓನರ್ ತಟ್ಟನೆ ಮಂಚದ ಕೆಳಗೆ ನೋಡಿದರು. ಆಮೇಲೆ ತಮ್ಮ ಮೊಣಕೈ ನೋಡಿಕೊಂಡರು. ಮತ್ತೆ ಮೆಲ್ಲಗೆ ಒತ್ತಿದರು. ಮತ್ತೆ ಅದೇ ಮ್ಯಾಂವ್.

ಅಜ್ಜಿ ಮರುಕದಿಂದ ಅವರ ಬೆನ್ನು ಸವರಿದಳು. “ಮನೆಯೆಲ್ಲಾ ತಡಕ್ತಿದ್ದೆಯಲ್ಲಪ್ಪ, ಬೆಕ್ಕು ನಿನ್ನ ಭುಜದಾಗೇ ಐತೆ. ಅದು ವಾಸಿ ಆಗೋಗಂಟ ಈಯಮ್ಮುನ್ನ ಮನೆ ಬಿಡಿಸ್ಬ್ಯಾಡ.”

ಅಂದಿನಿಂದ ಓನರ್ ಪ್ರತಿ ಭಾನುವಾರ ಮೇಲೆ ಬಂದು ಮೊಣಕೈ ಊರಿ ಹೋಗುತ್ತಾರೆ. ದೇವರ ದಯೆಯಿಂದ ಅವರ ಭುಜ ಇನ್ನೂ ವಾಸಿಯಾಗಿಲ್ಲ.