ಹೆದರಬೇಡಿ, ನೋವಾಗುವುದಿಲ್ಲ

ಎಲ್ಲದಕ್ಕೂ ಮೂಲ ‘ಒಂದು ಕೊಂಡರೆ ಇನ್ನೊಂದು ಉಚಿತ’ ಎಂಬ ಬೋರ್ಡು. ಅದನ್ನು ನೋಡಿದ ಕಾಂಪೌಂಡರ್ ಎರಡು ಪೆನ್‌ಡ್ರೈವ್ ಹಿಡಿದುಕೊಂಡು ಬಂದ. ಎರಡೂ ಕಪ್ಪು, ಎರಡೂ ಹೆಬ್ಬೆರಳಿನಷ್ಟುದ್ದ, ಹೆತ್ತ ತಾಯಿಗೂ ಗುರುತು ಸಿಗದಂಥ ಅವಳಿಗಳು. ಒಂದನ್ನು ತಾನು ಕೆಲಸಕ್ಕಿದ್ದ ಹಲ್ಲಿನ ಡಾಕ್ಟರಿಗೆ ಕೊಟ್ಟ, ಇನ್ನೊಂದನ್ನು ತಂಗಿಗೆ ಕೊಟ್ಟ. ಇಬ್ಬರೂ ಶಹಭಾಸ್ ಅಂದರು. ಅವನ ಜೀವಮಾನದಲ್ಲಿ ಇಬ್ಬರೂ ಒಟ್ಟಿಗೆ ಹಾಗಂದದ್ದು ಅದೊಂದೇ ಸಲ.

ಡಾಕ್ಟರು ತಮ್ಮದರಲ್ಲಿ ಕೊಳಲು ತುಂಬಿಸಿದರು. ಬರೀ ಕೊಳಲಲ್ಲ, ನಡುನಡುವೆ ಅವರದೇ ಧ್ವನಿ: “ಹೆದರಬೇಡಿ. ಆಳವಾಗಿ ಉಸಿರೆಳೆದುಕೊಳ್ಳಿ. ಸ್ವಲ್ಪವೂ ನೋವಾಗುವುದಿಲ್ಲ.” ಕಾಯುವ ರೋಗಿಗಳಿಗೆ ಧೈರ್ಯ ತುಂಬಲೆಂದು ಮೂರು ಭಾನುವಾರ ಬಾಗಿಲು ಹಾಕಿಕೊಂಡು, ಗಂಟಲಿಗೆ ಬಿಸಿನೀರು ಹುಯ್ದುಕೊಂಡು ಮಾಡಿದ ರೆಕಾರ್ಡಿಂಗು ಅದು. ಸಂಜೆ ಕ್ಲಿನಿಕ್ಕಿನಲ್ಲಿ ಬಿಟ್ಟರೆ ಧೂಳು ಕೂರುತ್ತದೆಂದು ಅದನ್ನು ದಿನವೂ ಕಾಂಪೌಂಡರನೇ ಜೇಬಿನಲ್ಲಿ ಮನೆಗೊಯ್ದು, ಬೆಳಿಗ್ಗೆ ವಾಪಸು ತರಬೇಕು. ತಂದದ್ದನ್ನು ಗಾಜಿನ ಬೀರುವಿನಲ್ಲಿದ್ದ ಪ್ಲೇಯರಿಗೆ ಸಿಕ್ಕಿಸಿದರೆ ಡಾಕ್ಟರು ಬೀರುವಿಗೆ ಬೀಗ ಜಡಿದು, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಳ್ಳುವರು. ಪಕ್ಕದ ಅಂಗಡಿಯ ಟೈಲರ್ ಒಮ್ಮೆ ಕೊಳಲು ನಿಲ್ಲಿಸಿ ಕ್ರಿಕೆಟ್ ಕಾಮೆಂಟರಿ ಹಾಕಿದ್ದನಲ್ಲ, ಅಂದಿನಿಂದ ಈ ಬಂದೋಬಸ್ತು.

ತಂಗಿಯ ಕತೆ ಬೇರೆ. ಮನೆಯಲ್ಲಿ ಅವಳು ಉಪ್ಪು ಕೇಳಿದರೆ ‘ಏನಂದೆ?’ ಎಂದು ಎರಡು ಸಲ ಕೇಳಬೇಕು, ಅಷ್ಟು ಮೆಲುದನಿ. ಅದೇ ಕೈಗೆ ಮೈಕು ಬಂದರೆ ಗೋಡೆಯ ಸುಣ್ಣ ಉದುರಬೇಕು. ‘ಕಪ್ಪು ದಾಸವಾಳ’ ಅಂತ ಅವಳದೊಂದು ಗಾಥಿಕ್ ಮೆಟಲ್ ಬ್ಯಾಂಡು, ಸಾವು, ಕತ್ತಲೆ, ಭಯ ಇವನ್ನೇ ಕಿರುಚಿ ಹಾಡುವ ಗುಂಪು. ಕಪ್ಪು ಬಟ್ಟೆಯ ನಾಲ್ಕು ಹುಡುಗರು ಹಿಂದೆ, ಕಪ್ಪು ಲಿಪ್‌ಸ್ಟಿಕ್ಕಿನ ಇವಳು ಮುಂದೆ. ಎರಡು ವರ್ಷ ಒದ್ದಾಡಿ ಮೊದಲ ಆಲ್ಬಂ ಮುಗಿಸಿದ್ದರು. ಹೆಸರು ‘ಕೊನೆಯ ಉಸಿರು’. ಈ ಕತೆ ನಡೆದ ದಿನವೇ ಸಂಜೆ ಆರಕ್ಕೆ ಬಿಡುಗಡೆ.

“ಅಣ್ಣಾ, ಇದನ್ನ ಸಿ.ಡಿ. ಅಂಗಡೀಲಿ ಕೊಟ್ಬಿಡೋ, ನಿಂಗೆ ದಾರೀಲೇ ಸಿಗತ್ತೆ. ಸಂಜೆಯೊಳಗೆ ನೂರು ಕಾಪಿ ಮಾಡ್ತಾರೆ. ನಾನು ಪ್ರೋಗ್ರಾಂ ಹಾಲಿಗೆ ಹೋಗಿ ಸ್ಪೀಕರ್ ಜೋಡಿಸ್ಬೇಕು,” ಅಂದಳು ಬೆಳಿಗ್ಗೆ.

“ಕೊಡೇ. ನಾನೇನು ತಿಂದುಬಿಡ್ತೀನಾ?” ಎಂದು ಅವನು ಅದನ್ನೂ ಅದೇ ಜೇಬಿಗೆ ಇಳಿಸಿದ. ನೋಡಿ, ಅನಾಹುತಗಳು ಹೀಗೇ ಜೇಬಿಗಿಳಿಯುವುದು.

ಈಗ ಕಾಂಪೌಂಡರನ ಸಂಕಟವನ್ನೂ ಹೇಳಿಬಿಡಬೇಕು. ಅವನಿಗೆ ಇನ್ನೊಬ್ಬರ ನೋವು ನೋಡಲಾಗದು. ಒಳಕೋಣೆಯಲ್ಲಿ ಡಾಕ್ಟರು ಸಿರಿಂಜ್ ಎತ್ತಿದರೆ ಮೊದಲ ‘ಅಯ್ಯೋ’ ಅವನದು, ರೋಗಿಯದು ಆಮೇಲೆ. ಒಮ್ಮೆ ಬಾಯಲ್ಲಿ ಹತ್ತಿ ಇಟ್ಟುಕೊಂಡ ರೋಗಿಯೇ ಕುರ್ಚಿಯಿಂದೆದ್ದು ಅವನಿಗೆ ನೀರು ಕುಡಿಸಿದ್ದುಂಟು. ಎರಡು ತಿಂಗಳ ಹಿಂದೆ ಡಾಕ್ಟರು ರೋಸಿಹೋಗಿ ಅವನನ್ನು ಹೊರಗಿನ ಮೇಜಿಗೆ ಹಾಕಿದರು.

“ಹೊರಗೆ ಕೂತು ಹೆಸರು ಬರ್ಕೊಳ್ರೀ. ಆದ್ರೆ ಇನ್ನೊಬ್ಬ ಪೇಷಂಟ್ ನಿಮ್ಮ ದೆಸೆಯಿಂದ ಎದ್ದು ಓಡಿದ್ರೆ, ಅವರ ಹಿಂದೇನೇ ನೀವೂ ಓಡ್ತಾ ಇರಿ.”

ಆ ಮೇಜೇ ಅವನಿಗೆ ಸ್ವರ್ಗ. ಅಲ್ಲಿಂದ ಕುರ್ಚಿ ಕಾಣದು, ಸಿರಿಂಜ್ ಕಾಣದು. ಸಾಯುವ ತನಕ ಅಲ್ಲೇ ಕೂತಿರಬೇಕು ಎಂಬುದೊಂದೇ ಅವನ ಆಸೆ.

ದಾರಿಯಲ್ಲಿ ಒಂದು ಪೆನ್‌ಡ್ರೈವ್ ಸಿ.ಡಿ. ಅಂಗಡಿಗೆ ಕೊಟ್ಟ. ಇನ್ನೊಂದನ್ನು ತಂದು ಪ್ಲೇಯರಿಗೆ ಸಿಕ್ಕಿಸಿದ. ಡಾಕ್ಟರು ಬೀಗ ಹಾಕಿದರು.

ಅವತ್ತು ಬಂದವರು ಅಂತಿಂಥವರಲ್ಲ. ದೊಡ್ಡ ಶಾಲೆಯ ಹೆಡ್‌ಮಿಸ್ಟ್ರೆಸ್. ಅವರ ಹಲ್ಲು ಚೆನ್ನಾಗಿ ತುಂಬಿಕೊಟ್ಟರೆ ಶಾಲೆಯ ನಾನೂರು ಮಕ್ಕಳೂ ಇಲ್ಲಿಗೇ. ಡಾಕ್ಟರು ಎರಡು ಸಲ ಕೈ ತೊಳೆದು ಅವರನ್ನು ಒಳಗೆ ಕರೆದೊಯ್ದರು. ಹೊರಗಿನ ಬೆಂಚಿನಲ್ಲಿ ಆರು ಮಂದಿ. ಮಿಲಿಟರಿಯಿಂದ ನಿವೃತ್ತರಾದ ಮೀಸೆ ಮಾವ, ದವಡೆ ಹಿಡಿದ ಕಂಡಕ್ಟರ್, ಒಬ್ಬ ಅಜ್ಜಿ, ಅವಳ ಸೊಸೆ, ಒಬ್ಬ ಗುಮಾಸ್ತ, ಮತ್ತೆ ಹಲ್ಲುನೋವೇ ಇಲ್ಲದೆ ಪೇಪರು ಓದಲು ಬರುವ ನಮ್ಮ ಟೈಲರ್.

ಸಂಗೀತ ಶುರುವಾಯಿತು. ದೂರದಲ್ಲೊಂದು ಗಂಟೆ, ಸಣ್ಣಗೆ ಪಿಟೀಲು, ಅದರ ಮೇಲೆ ಹೆಣ್ಣಿನ ದನಿಯೊಂದು ಗುನುಗುನು.

“ಕೊಳಲು ಬೇಜಾರಾಗಿತ್ತು. ಇದು ವಾಸಿ, ನಿದ್ದೆ ಬರೋ ಹಾಗಿದೆ,” ಅಂದಳು ಅಜ್ಜಿ.

ಕಾಂಪೌಂಡರನ ಪೆನ್ನು ನಿಂತಿತು. ಈ ದನಿ ಎಲ್ಲೋ ಕೇಳಿದ್ದೀನಲ್ಲ? ಉಪ್ಪು ಕೇಳುವ ದನಿಯಲ್ಲವೇ ಇದು? ಜೇಬು ಮುಟ್ಟಿಕೊಂಡ. ಜೇಬು ಖಾಲಿ. ಹಾಗಾದರೆ ಅಂಗಡಿಗೆ ಕೊಟ್ಟದ್ದು ಯಾವುದು?

ಅಷ್ಟರಲ್ಲಿ ಡ್ರಮ್ಮು ಸಿಡಿಯಿತು. ಗಿಟಾರು ಥೇಟ್ ಹಲ್ಲು ಕೊರೆಯುವ ಯಂತ್ರದ ಹಾಗೆ ಕರ್ರೆಂದಿತು. ಅದರ ಮೇಲೆ ತಂಗಿ ಕಿರುಚಿದಳು:

“ಬಿಡು ನನ್ನ! ಬಿಡು ನನ್ನಾ! ಸಾಕಿನ್ನು ಈ ನೋವು!”

ಆರು ಮಂದಿಯೂ ಒಟ್ಟಿಗೆ ಒಳಕೋಣೆಯ ಬಾಗಿಲ ಕಡೆ ತಿರುಗಿದರು. ಕಂಡಕ್ಟರನ ಕೈ ದವಡೆಯಿಂದ ತಾನಾಗಿ ಕೆಳಗಿಳಿಯಿತು. ಅವನ ನೋವು ಅಲ್ಲಿಗೇ ವಾಸಿಯಾಗಿತ್ತು.

“ಅದು... ಹೆಡ್‌ಮಿಸ್ಟ್ರೆಸ್ ಅಲ್ವಾ?” ಎಂದು ಗುಮಾಸ್ತ ಪಿಸುಗುಟ್ಟಿದ.

“ಏನ್ ಮಾಡ್ತಿದಾನ್ರೀ ಅವನು ಒಳಗೆ?” ಟೈಲರ್ ಪೇಪರು ಬಿಸಾಕಿ ಎದ್ದುನಿಂತ. “ಆ ಹೆಂಗಸನ್ನ ಉಳಿಸ್ರೋ ಯಾರಾದ್ರೂ!”

“ರೀ, ರೀ, ಕೂತ್ಕೊಳ್ಳಿ! ಅದು ನನ್ನ ತಂಗಿ!” ಎಂದ ಕಾಂಪೌಂಡರ್.

ಹೇಳಬಾರದಿತ್ತು.

“ಅಯ್ಯೋ ಪಾಪಿ, ಒಡಹುಟ್ಟಿದವಳನ್ನೇ ಈ ಕಟುಕನ ಕೈಗೆ ಕೊಟ್ಟಿದೀಯಲ್ಲೋ!” ಅಜ್ಜಿ ಕೋಲೆತ್ತಿದಳು. ಸೊಸೆ ಅಜ್ಜಿಯನ್ನು ದರದರ ಎಳೆದುಕೊಂಡು ಬಾಗಿಲು ದಾಟಿದಳು. ಹಿಂದೆಯೇ ಗುಮಾಸ್ತ, ಕಂಡಕ್ಟರ್.

ಕಾಂಪೌಂಡರ್ ಗಾಜಿನ ಬೀರು ಜಗ್ಗಿದ, ಗುದ್ದಿದ, ಕೈಮುಗಿದ. ಬೀಗದ ಕೈ ಒಳಗೆ ಡಾಕ್ಟರ ಸೊಂಟದಲ್ಲಿ, ಡಾಕ್ಟರ ಕಿವಿಯಲ್ಲಿ ಕೊರೆಯುವ ಯಂತ್ರದ ಸದ್ದು. ತಂಗಿ ಎರಡನೇ ಚರಣಕ್ಕೆ ಉಸಿರೆಳೆದುಕೊಳ್ಳುವುದು ಕೇಳಿಸಿತು. ಬೇರೆ ದಾರಿ ತೋಚದೆ ಓಡಿಹೋಗಿ ಮೇನ್ ಸ್ವಿಚ್ಚನ್ನೇ ಆರಿಸಿದ.

ಹಾಡು ನಿಂತಿತು. ದೀಪವೂ ಹೋಯಿತು, ಒಳಗೆ ಕೊರೆಯುತ್ತಿದ್ದ ಯಂತ್ರವೂ ನಿಂತಿತು, ಕರೆಂಟಿನ ಕುರ್ಚಿಯೂ ವಾಲಿದ್ದಲ್ಲೇ ನಿಂತುಬಿಟ್ಟಿತು. ಆಗ ಹೆಡ್‌ಮಿಸ್ಟ್ರೆಸ್ ನಿಜವಾಗಿ ಕಿರುಚಿದರು. ತಂಗಿ ಎರಡು ವರ್ಷ ಅಭ್ಯಾಸ ಮಾಡಿದ್ದೆಲ್ಲ ಅದರ ಮುಂದೆ ಏನೇನೂ ಅಲ್ಲ. ಅಲ್ಲಿಯವರೆಗೆ ಎದೆಯುಬ್ಬಿಸಿ ಕೂತಿದ್ದ ಮೀಸೆ ಮಾವ ಚಪ್ಪಲಿ ಬಿಟ್ಟು ಓಡಿದರು. ಟೈಲರ್ ಅವರ ಚಪ್ಪಲಿ ಮೆಟ್ಟಿಕೊಂಡು ಓಡಿದ.

ಹೆಡ್‌ಮಿಸ್ಟ್ರೆಸ್ ಕೆನ್ನೆ ಹಿಡಿದು ಹೊರಬಂದರು. ಮರಗಟ್ಟಿದ ತುಟಿಯಲ್ಲಿ “ಒಂದು ಮಗೂನೂ ಕಳ್ಸಲ್ಲ” ಎಂದಷ್ಟೇ ಹೇಳಿ ಹೊರಟೇಹೋದರು. ಖಾಲಿ ಬೆಂಚು ನೋಡಿ ಡಾಕ್ಟರಿಗೆ ಸಿಟ್ಟು ಬರಲಿಲ್ಲ. ಅದಕ್ಕೂ ಮೀರಿ ಕಕ್ಕಾಬಿಕ್ಕಿಯಾಗಿದ್ದರು. ಬೀರು ತೆಗೆದು ಪೆನ್‌ಡ್ರೈವ್ ಕೈಗೆತ್ತಿಕೊಂಡಾಗ ಕಾಂಪೌಂಡರ್ ತೊದಲುತ್ತ ತಂಗಿಯ ಆಲ್ಬಮ್ಮಿನ ವಿಷಯ ಹೇಳಿದ.

“ಇದು ನಿಮ್ಮ ತಂಗೀದು ಅಂದ್ರೆ... ನನ್ನದು ಎಲ್ರೀ?”

ಕಾಂಪೌಂಡರ್ ಬೀದಿಯತ್ತ ಕೈ ಮಾಡಿದ. ಅಂಗೈಯಲ್ಲಿ ದುಂಡಗೆ ಸಿ.ಡಿ.ಯ ಆಕಾರ ತೋರಿಸಿದ.

“ನನ್ನ ಮೂರು ಭಾನುವಾರ ಕಣ್ರೀ ಅದು! ಮೊದಲು ಅದನ್ನ ತಂದುಕೊಡಿ, ಆಮೇಲೆ ಮನೆಗೆ ಹೋಗಿ, ಮತ್ತೆ ಬರಲೇಬೇಡಿ.”

ಇಬ್ಬರೂ ಅಂಗಡಿಗೆ ಓಡಿದರು. ಬಾಗಿಲಿಗೆ ‘ಊಟದ ಸಮಯ’ ಎಂಬ ಚೀಟಿ. ಊಟಕ್ಕೆ ಹೋದ ಅಂಗಡಿಯವನು ಐದೂವರೆಗೆ ಬಾಯೊರೆಸಿಕೊಳ್ಳುತ್ತ ಬಂದ. “ಆಗ್ಲೇ ಮಧ್ಯಾಹ್ನಾನೇ ನೂರೂ ಕಾಪಿ ಹಾಲಿಗೆ ಕಳ್ಸಿದೀನಲ್ಲ ಸಾರ್. ಸ್ಯಾಂಪಲ್ ಕೇಳ್ದೆ. ಹಲ್ಲೆಲ್ಲಾ ಜುಂ ಅಂತು!” ಅಂದ.

ಹಾಲಿಗೆ ಬಂದರೆ ಹೊತ್ತು ಮೀರಿತ್ತು. ನೂರು ಮಂದಿ ಕಪ್ಪು ಬಟ್ಟೆಯಲ್ಲಿ ಕೂತಿದ್ದಾರೆ. ವೇದಿಕೆಯ ಮೇಲೆ ತಂಗಿ ಕಲ್ಲಾಗಿ ನಿಂತಿದ್ದಾಳೆ. ದೊಡ್ಡ ಸ್ಪೀಕರಿನಲ್ಲಿ ಕೊಳಲು ನುಡಿದು ನಿಂತಿತು. ಆಮೇಲೆ ಶಾಂತವಾಗಿ, ಒಂಚೂರೂ ಆತುರವಿಲ್ಲದೆ, ಆ ಧ್ವನಿ:

“ಬಾಯಿ ದೊಡ್ಡದಾಗಿ ತೆರೆಯಿರಿ... ಹೆದರಬೇಡಿ... ಸ್ವಲ್ಪವೂ ನೋವಾಗುವುದಿಲ್ಲ.”

ಮೂಗಿಗೆ ಮೂರು ರಿಂಗು ಚುಚ್ಚಿಸಿಕೊಂಡಿದ್ದ ಒಬ್ಬ ದಾಂಡಿಗ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡ. ಹಿಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು.

“ಮುಗಿಯಿತು... ಇನ್ನೊಂದೇ ಒಂದು ಸಲ.”

ಒಬ್ಬಳು ಮೂರ್ಛೆ ಹೋದಳು. ಕಾಂಪೌಂಡರ್ ಕಣ್ಣುಮುಚ್ಚಿ ಏಟಿಗೆ ಕಾದ. ಬಂದದ್ದು ಚಪ್ಪಾಳೆ. ಇಡೀ ಸಭೆ ಎದ್ದು ನಿಂತು ಬೊಬ್ಬೆ ಹೊಡೆಯುತ್ತಿತ್ತು. ಇಷ್ಟು ಭಯಂಕರವಾದದ್ದನ್ನು ಹುಟ್ಟಿದಾಗಿನಿಂದ ಕೇಳಿಲ್ಲ ಎಂದು ದಾಂಡಿಗ ಅಳುತ್ತಲೇ ಕೂಗಿದ. ನೂರು ಸಿ.ಡಿ. ಕಾಲು ಗಂಟೆಯಲ್ಲಿ ಖಾಲಿ.

ಕೆಂಡವಾಗಿದ್ದ ತಂಗಿ ಮೆಲ್ಲಗೆ ಡಾಕ್ಟರ ಹತ್ತಿರ ಬಂದಳು. “ಸರ್, ಆ ಧ್ವನಿ ನಿಮ್ದಾ? ನಮ್ಮ ಎರಡನೇ ಆಲ್ಬಂ ನಿಮ್ಮ ಕ್ಲಿನಿಕ್ಕಲ್ಲೇ ರೆಕಾರ್ಡ್ ಮಾಡೋಣ್ವಾ? ನಿಜವಾದ ಕುರ್ಚಿ, ನಿಜವಾದ ಕಿರುಚಾಟ?”

ಜೀವನದಲ್ಲಿ ಮೊದಲ ಸಲ ಅಭಿಮಾನಿಗಳನ್ನು ಕಂಡ ಡಾಕ್ಟರು ಕರಗಿ ನೀರಾಗಿದ್ದರು. ಕಾಂಪೌಂಡರನ ಹೆಗಲ ಮೇಲೆ ಕೈಯಿಟ್ಟರು. “ನಿಮ್ಮನ್ನ ಕೆಲಸದಿಂದ ತೆಗೆಯಲ್ಲ ಕಣ್ರೀ. ಎಲ್ಲಾ ನಿಮ್ಮಿಂದ್ಲೇ ಆಗಿದ್ದು.”

ಕಾಂಪೌಂಡರನಿಗೆ ಹೋದ ಜೀವ ಬಂತು. “ಹಾಗಾದ್ರೆ ಸಾರ್, ನನ್ನ ಮೇಜು...?”

“ಮೇಜಿಗೆ ಬೇರೆಯವರನ್ನ ಹಾಕೋಣ. ನೀವು ನಾಳೆಯಿಂದ ಒಳಗೆ. ಪೇಷಂಟ್ ಬಾಯಿ ಪಕ್ಕದಲ್ಲೇ ನಿಂತು ಮೈಕ್ ಹಿಡ್ಕೋಬೇಕು. ದಿನಪೂರ್ತಿ.”

“ಅಯ್ಯೋಓಓ!”

ಹೊಟ್ಟೆಯ ತಳದಿಂದ ಬಂದ ಕೂಗು. ತಂಗಿಯ ಕೈಯಲ್ಲಿದ್ದ ಮೈಕು ಆರಿಸಿರಲಿಲ್ಲ. ಸಭೆ ಮೊದಲಿಗಿಂತ ಜೋರಾಗಿ ಚಪ್ಪಾಳೆ ತಟ್ಟಿತು.

“ಅಣ್ಣಾ!” ತಂಗಿಯ ಕಣ್ಣು ಹೊಳೆಯಿತು. “ಎರಡು ವರ್ಷದಿಂದ ನಾನು ಹುಡುಕ್ತಿದ್ದ ಕೂಗು ಇದೇ ಕಣೋ. ದಿನಾ ಹೀಗೇ ಕೂಗ್ತೀಯಾ?”

“ದಿನಾ ಕೂಗ್ತಾರಮ್ಮ,” ಅಂದರು ಡಾಕ್ಟರು. “ನಾನು ಸಿರಿಂಜ್ ಎತ್ತಿದ್ರೆ ಸಾಕು.”